ತಮ್ಮ ವಕಾಲತ್ತು ತಮ್ಮದೇ ಕೈಯಲ್ಲಿ

ಅಮೆರಿಕದಲ್ಲಿ ಕಾನೂನು ಓದಬಯಸುವವರು ಮೊದಲು ನಾಲ್ಕು ವರ್ಷದ ಪದವಿ ಮುಗಿಸಿ, ಆಮೇಲೆ ಜೆ.ಡಿ. ಎಂಬ ಮೂರು ವರ್ಷದ ವೃತ್ತಿಪದವಿಗೆ ಅರ್ಜಿ ಹಾಕಬೇಕಾಗುತ್ತದೆ. ಪದವಿಯ ಅಂಕಗಳು, ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಫಲಿತಾಂಶ, ಪ್ರಾಧ್ಯಾಪಕರ ಶಿಫಾರಸು ಪತ್ರಗಳು ಇವುಗಳ ಜೊತೆಗೆ ಅರ್ಜಿದಾರರು ತಾವು ಯಾರು, ಯಾವ ಹಾದಿಯಲ್ಲಿ ನಡೆದು ಬಂದವರು, ತಮಗೆ ಕಾನೂನೇ ಏಕೆ ಬೇಕಾಯಿತು ಎಂಬುದನ್ನು ಎರಡು ಪುಟಗಳಷ್ಟು ಬರೆದು ಒಪ್ಪಿಸಬೇಕು. ಅಲ್ಲಿನವರು ಇದನ್ನು ಪರ್ಸನಲ್ ಸ್ಟೇಟ್‌ಮೆಂಟ್ ಎನ್ನುತ್ತಾರೆ, ಕನ್ನಡದಲ್ಲಿ ಆತ್ಮನಿವೇದನೆ ಎನ್ನಬಹುದು. ಕ್ಲಾಟ್ ಪರೀಕ್ಷೆಯ ರ್‍ಯಾಂಕು ಮತ್ತು ಮೀಸಲಾತಿಯ ವರ್ಗ, ಇವೆರಡರ ಲೆಕ್ಕದಲ್ಲೇ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಸೀಟು ತೀರ್ಮಾನವಾಗುವುದನ್ನು ಕಂಡಿರುವ ಓದುಗರಿಗೆ, ಸೀಟು ಬೇಡುವವರು ತಮ್ಮ ಬಾಳಿನ ಕಥೆಯನ್ನೂ ಹೇಳಿಕೊಳ್ಳಬೇಕೆಂಬ ಈ ಕ್ರಮ ವಿಚಿತ್ರವೆನಿಸಬಹುದು. ಆದರೆ ಕಪ್ಪು ಜನಾಂಗದ ವಿದ್ಯಾರ್ಥಿಗಳ ಮಟ್ಟಿಗೆ ಆ ಎರಡು ಪುಟಗಳ ಹಿಂದೆ ತೊಂಬತ್ತು ವರ್ಷಗಳ ಮೊಕದ್ದಮೆಗಳ ಇತಿಹಾಸವಿದೆ. ಆ ಇತಿಹಾಸದುದ್ದಕ್ಕೂ ಅವರ ಪರವಾಗಿ ಮಾತನಾಡುವ ಹೊಣೆ, ಅಂದರೆ ಅವರ ವಕಾಲತ್ತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಬಂದು, ಈಗ ಬಹುಮಟ್ಟಿಗೆ ಅವರದೇ ಕೈಗೆ ಮರಳಿದೆ.

ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನರ ಪಾಲು ಸುಮಾರು ಶೇ. 13 ಇದ್ದರೆ, ವಕೀಲರಲ್ಲಿ ಅವರ ಪಾಲು ಸುಮಾರು ಶೇ. 5ರ ಆಸುಪಾಸಿನಲ್ಲೇ ನಿಂತಿದೆ. ಆ ದೇಶದಲ್ಲಿ ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರಲ್ಲಿ ಬಹುಪಾಲು ಜನ, ಸೆನೆಟರುಗಳು, ಗವರ್ನರುಗಳಲ್ಲಿ ಹಲವರು ಕಾನೂನು ಪದವೀಧರರೇ ಆಗಿರುವುದರಿಂದ, ಕಾನೂನು ಕಾಲೇಜಿನ ಬಾಗಿಲು ಎಂಬುದು ಒಂದು ಕಸುಬಿನ ಬಾಗಿಲಿಗಿಂತ ಹೆಚ್ಚಿನದು. ಅದಕ್ಕಾಗಿಯೇ ವರ್ಣಭೇದದ ವಿರುದ್ಧದ ನ್ಯಾಯಾಲಯದ ಹೋರಾಟ ಪ್ರಾಥಮಿಕ ಶಾಲೆಗಳಿಂದ ಆರಂಭವಾಗದೆ ಕಾನೂನು ಕಾಲೇಜುಗಳಿಂದ ಆರಂಭವಾಯಿತು.

ಈ ಕ್ರಮವನ್ನು ಯೋಚಿಸಿ ರೂಪಿಸಿದವರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯ ಸಂಪಾದಕ ಮಂಡಳಿಗೆ ಬಂದ ಮೊದಲ ಕಪ್ಪು ವಿದ್ಯಾರ್ಥಿಯಾಗಿದ್ದ ಅವರು, ಮುಂದೆ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜನ್ನು ಕಪ್ಪು ವಕೀಲರ ಗರಡಿಮನೆಯಾಗಿ ಕಟ್ಟಿದರು. 1896ರ ಪ್ಲೆಸ್ಸಿ ತೀರ್ಪು 'ಸಮಾನವಾಗಿದ್ದರೆ ಪ್ರತ್ಯೇಕವಾಗಿಡುವುದು ತಪ್ಪಲ್ಲ' ಎಂಬ ತತ್ವವನ್ನು ಸ್ಥಾಪಿಸಿ, ರೈಲಿನ ಬೋಗಿಯಿಂದ ಶಾಲೆಯ ಬೆಂಚಿನವರೆಗೆ ಎಲ್ಲೆಡೆ ಬಣ್ಣದ ಗೋಡೆ ಎಬ್ಬಿಸಲು ಅನುಮತಿ ಕೊಟ್ಟಿತ್ತು. ಹ್ಯೂಸ್ಟನ್ ಆ ತತ್ವವನ್ನು ನೇರವಾಗಿ ಎದುರಿಸದೆ, ಅದನ್ನು ಅಕ್ಷರಶಃ ಪಾಲಿಸಿ ತೋರಿಸಿ ಎಂದು ರಾಜ್ಯಗಳನ್ನು ಇಕ್ಕಟ್ಟಿಗೆ ಸಿಕ್ಕಿಸುವ ದಾರಿ ಹಿಡಿದರು. ಕಪ್ಪು ಮಕ್ಕಳಿಗಾಗಿ ಒಂದು ಪ್ರತ್ಯೇಕ ಶಾಲೆ ಕಟ್ಟಿ ಅದೂ ಸಮಾನವೇ ಎಂದು ಸಾಧಿಸುವುದು ರಾಜ್ಯಗಳಿಗೆ ಸುಲಭವಿತ್ತು. ಆದರೆ ಬೆರಳೆಣಿಕೆಯ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಕಾನೂನು ಕಾಲೇಜು ಕಟ್ಟಿ, ಗ್ರಂಥಾಲಯ ತುಂಬಿ, ಪ್ರಾಧ್ಯಾಪಕರನ್ನು ನೇಮಿಸುವುದು ಬೊಕ್ಕಸಕ್ಕೆ ಭಾರವಾಗುತ್ತಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಇತ್ತು: ಒಳ್ಳೆಯ ಕಾನೂನು ಕಾಲೇಜಿಗೂ ಹೆಸರಿಗಷ್ಟೇ ಇರುವ ಕಾಲೇಜಿಗೂ ಇರುವ ಅಂತರ ಏನೆಂಬುದನ್ನು ಪೀಠದ ಮೇಲೆ ಕುಳಿತವರಿಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮೊದಲ ಗೆಲುವು ಬಂದದ್ದು ಮೇರಿಲ್ಯಾಂಡ್ ರಾಜ್ಯದಲ್ಲಿ. ಆ್ಯಮ್ಹರ್ಸ್ಟ್ ಕಾಲೇಜಿನ ಪದವೀಧರ ಡೊನಾಲ್ಡ್ ಗೇನ್ಸ್ ಮರ್ರೆ 1935ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಹಾಕಿದ ಅರ್ಜಿಯನ್ನು ಬಣ್ಣದ ಕಾರಣ ಹೇಳಿಯೇ ನಿರಾಕರಿಸಲಾಯಿತು. ಅವರ ಪರ ವಾದಿಸಿದವರು ಹ್ಯೂಸ್ಟನ್ ಮತ್ತು ಅವರ ಶಿಷ್ಯ ಥರ್ಗುಡ್ ಮಾರ್ಷಲ್. ಬಾಲ್ಟಿಮೋರ್ ನಗರದಲ್ಲೇ ಹುಟ್ಟಿ ಬೆಳೆದ ಮಾರ್ಷಲ್, ತವರಿನ ಕಾಲೇಜಿನ ಬಾಗಿಲು ತನಗೆ ತೆರೆಯುವುದಿಲ್ಲವೆಂದು ತಿಳಿದಿದ್ದ ಕಾರಣದಿಂದ ಮನೆಯಿಂದ ವಾಷಿಂಗ್ಟನ್‌ವರೆಗೆ ರೈಲಿನಲ್ಲಿ ಓಡಾಡುತ್ತಾ ಹೋವರ್ಡಿನಲ್ಲಿ ಕಲಿತು, 1933ರಲ್ಲಿ ತರಗತಿಗೆ ಮೊದಲಿಗರಾಗಿ ಹೊರಬಂದಿದ್ದರು. ಮೇರಿಲ್ಯಾಂಡಿನಲ್ಲಿ ವಕೀಲಿ ಮಾಡಬೇಕಾದವನು ಮೇರಿಲ್ಯಾಂಡಿನ ಕಾನೂನನ್ನೂ ಅಲ್ಲಿನ ಕೋರ್ಟುಗಳ ನಡಾವಳಿಯನ್ನೂ ಅಲ್ಲೇ ಕಲಿಯಬೇಕು, ಹೊರರಾಜ್ಯಕ್ಕೆ ಕಳಿಸಿ ಕೈತೊಳೆದುಕೊಂಡರೆ ಅದು ಸಮಾನತೆಯಾಗುವುದಿಲ್ಲ ಎಂಬ ವಾದವನ್ನು ರಾಜ್ಯದ ಮೇಲ್ಮನವಿ ನ್ಯಾಯಾಲಯವೂ 1936ರಲ್ಲಿ ಒಪ್ಪಿತು. ಮರ್ರೆ 1938ರಲ್ಲಿ ಅದೇ ಕಾಲೇಜಿನಿಂದ ಪದವಿ ಪಡೆದರು.

ಮಿಸ್ಸೂರಿ ರಾಜ್ಯದ ಲಾಯ್ಡ್ ಗೇನ್ಸ್ ಅವರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಮೊಕದ್ದಮೆಯ ಹೆಸರಿನಲ್ಲಿ ಬರುವ 'ಕೆನಡಾ' ನೆರೆಯ ದೇಶವಲ್ಲ, ಅರ್ಜಿಯನ್ನು ತಿರಸ್ಕರಿಸಿದ ರಿಜಿಸ್ಟ್ರಾರರ ಹೆಸರು. ಕಪ್ಪು ವಿದ್ಯಾರ್ಥಿಗಳು ನೆರೆಯ ಕಾನ್ಸಾಸ್, ನೆಬ್ರಾಸ್ಕಾ, ಅಯೋವಾ, ಇಲಿನಾಯ್ ರಾಜ್ಯಗಳಲ್ಲಿ ಓದುವುದಾದರೆ ಶುಲ್ಕವನ್ನು ತಾನೇ ಭರಿಸುವುದಾಗಿ ಮಿಸ್ಸೂರಿ ಹೇಳಿದಾಗ, ತನ್ನ ನೆಲದಲ್ಲಿ ಬಿಳಿಯರಿಗೆ ಕೊಡುವುದನ್ನು ತನ್ನ ನೆಲದಲ್ಲೇ ಕಪ್ಪು ಜನರಿಗೂ ಕೊಡಬೇಕೆಂದು 1938ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸೌಂದರ್ಯಪ್ರಸಾಧನ ಕಲಿಸುತ್ತಿದ್ದ ಒಂದು ಹಳೆಯ ಕಟ್ಟಡದಲ್ಲಿ ರಾಜ್ಯ ಅವಸರವಸರವಾಗಿ ಪ್ರತ್ಯೇಕ ಕಾನೂನು ಕಾಲೇಜು ತೆರೆಯಿತು. ಗೇನ್ಸ್ ಅಲ್ಲಿಗೂ ಸೇರಲಿಲ್ಲ, ಗೆದ್ದ ಕಾಲೇಜಿಗೂ ಸೇರಲಿಲ್ಲ. 1939ರ ಮಾರ್ಚಿನ ಒಂದು ರಾತ್ರಿ ಶಿಕಾಗೋದಲ್ಲಿ ಅಂಚೆಚೀಟಿ ತರುವೆನೆಂದು ಹೊರಗೆ ಹೋದ ಆ ತರುಣ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಏನಾಯಿತೆಂಬುದು ಇಂದಿಗೂ ಬಯಲಾಗಿಲ್ಲ. ತನ್ನ ಹಕ್ಕನ್ನು ತಾನೇ ಕೇಳುವುದು ಎಂಬ ಮಾತು ಇಂದು ಪ್ರವೇಶ ಸಲಹೆಗಾರರ ಬಾಯಲ್ಲಿ ಎಷ್ಟು ಹಗುರಾಗಿ ಬರುತ್ತದೆಯೋ, ಆ ಕಾಲದಲ್ಲಿ ಅದು ಅಷ್ಟೇ ಭಾರದ ಕೆಲಸವಾಗಿತ್ತು.

ಓಕ್ಲಹೋಮಾದ ಏಡಾ ಲೋಯಿಸ್ ಸಿಪ್ಯುಯೆಲ್ 1946ರ ಜನವರಿಯಲ್ಲಿ ತಮ್ಮ ರಾಜ್ಯದ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಅರ್ಜಿ ಹಾಕಿದರು. ಎರಡು ವರ್ಷಗಳ ನಂತರ, ವಾದ ಮುಗಿದ ನಾಲ್ಕೇ ದಿನಗಳಲ್ಲಿ, ಸುಪ್ರೀಂ ಕೋರ್ಟ್ ಆಕೆಯ ಪರ ಆದೇಶ ಕೊಟ್ಟಿತು. ರಾಜ್ಯ ಅದಕ್ಕೂ ಜಗ್ಗದೆ, ಶಾಸನಸಭೆಯ ಕಟ್ಟಡದ ಕೆಲವು ಕೋಣೆಗಳಲ್ಲೇ ಒಂದು ಕಾನೂನು ಕಾಲೇಜನ್ನು ಹುಟ್ಟಿಸಿತು. ಸಿಪ್ಯುಯೆಲ್ ಅತ್ತ ತಲೆಹಾಕಲಿಲ್ಲ. ಕೊನೆಗೆ 1949ರಲ್ಲಿ ವಿಶ್ವವಿದ್ಯಾಲಯದ ತರಗತಿಗೇ ಪ್ರವೇಶ ಸಿಕ್ಕಾಗ, ಆಕೆಗಾಗಿ ಹಿಂದಿನ ಸಾಲಿನಲ್ಲಿ, ಸಹಪಾಠಿಗಳಿಂದ ಬೇರ್ಪಡಿಸಿ, ವರ್ಣೀಯರಿಗೆ ಎಂದು ಬರೆದ ಫಲಕದ ಕೆಳಗೆ ಒಂದು ಕುರ್ಚಿ ಇಡಲಾಗಿತ್ತು. ಊಟದ ಕೋಣೆಯಲ್ಲೂ ಪ್ರತ್ಯೇಕ ಜಾಗ. ಆಕೆಯ ಕೆಲವು ಬಿಳಿಯ ಸಹಪಾಠಿಗಳು ಆ ಕುರ್ಚಿಯ ಬಳಿಗೇ ಬಂದು ತಾವು ಬರೆದುಕೊಂಡ ಟಿಪ್ಪಣಿಗಳನ್ನು ಹಂಚಿಕೊಳ್ಳುತ್ತಿದ್ದರೆಂಬುದನ್ನೂ ಜೊತೆಗೆ ಹೇಳಬೇಕು. ಅಲ್ಲೇ ಪದವಿ ಪಡೆದ ಆಕೆಯನ್ನು, ಅಂದು ಮೊಕದ್ದಮೆಯಲ್ಲಿ ಪ್ರತಿವಾದಿಯಾಗಿದ್ದ ಆಡಳಿತ ಮಂಡಳಿಗೇ 1992ರಲ್ಲಿ ಸದಸ್ಯೆಯಾಗಿ ನೇಮಿಸಲಾಯಿತು.

ಹೆಮನ್ ಮ್ಯಾರಿಯನ್ ಸ್ವೆಟ್ ಹ್ಯೂಸ್ಟನ್ ನಗರದಲ್ಲಿ ಟಪಾಲು ಹಂಚುತ್ತಿದ್ದವರು. ಅಂಚೆ ಇಲಾಖೆಯಲ್ಲಿ ಕಪ್ಪು ನೌಕರರಿಗೆ ಬಡ್ತಿ ತಪ್ಪಿಸುವ ಕ್ರಮದ ವಿರುದ್ಧ ಕಾಗದಪತ್ರ ಸಿದ್ಧಪಡಿಸಲು ನೆರವಾಗುತ್ತಿದ್ದಾಗ ಅವರಿಗೆ ಕಾನೂನಿನ ರುಚಿ ಹತ್ತಿತು. 1946ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ಅವರ ಅರ್ಜಿಯನ್ನು ತಿರಸ್ಕರಿಸಿದಾಗ, ರಾಜ್ಯದ ನ್ಯಾಯಾಲಯ ಸರ್ಕಾರಕ್ಕೆ ಆರು ತಿಂಗಳ ಗಡುವು ಕೊಟ್ಟಿತು. ಅಷ್ಟರಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ ಒಂದು ಕಾಲೇಜು ಎದ್ದಿತು. ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಎರಡೂ ಕಾಲೇಜುಗಳನ್ನು ತಕ್ಕಡಿಯಲ್ಲಿಟ್ಟು ತೂಗಿದೆ: ಒಂದು ಕಡೆ ಪೂರ್ಣಾವಧಿಯ 16 ಪ್ರಾಧ್ಯಾಪಕರು, 850 ವಿದ್ಯಾರ್ಥಿಗಳು, 65,000ಕ್ಕೂ ಹೆಚ್ಚು ಪುಸ್ತಕಗಳು, ಇನ್ನೊಂದು ಕಡೆ 5 ಪ್ರಾಧ್ಯಾಪಕರು, 23 ವಿದ್ಯಾರ್ಥಿಗಳು, 16,500 ಪುಸ್ತಕಗಳು. ಆದರೆ ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ ಬರೆದ, 1950ರ ಜೂನ್ 5ರಂದು ಹೊರಬಂದ ಆ ಸರ್ವಾನುಮತದ ತೀರ್ಪು ಎಣಿಕೆಯಲ್ಲೇ ನಿಲ್ಲಲಿಲ್ಲ. ಕಾನೂನು ಕಾಲೇಜಿನ ಹಿರಿಮೆ ಅಳತೆಗೆ ಸಿಗದ ಸಂಗತಿಗಳಲ್ಲಿದೆ, ಅಧ್ಯಾಪಕರ ಕೀರ್ತಿಯಲ್ಲಿ, ಹಳೆಯ ವಿದ್ಯಾರ್ಥಿಗಳ ಪ್ರಭಾವದಲ್ಲಿ, ಸಮಾಜದಲ್ಲಿ ಅದಕ್ಕಿರುವ ಸ್ಥಾನದಲ್ಲಿ ಇದೆ. ಮುಂದೆ ಯಾವ ವಕೀಲರ, ನ್ಯಾಯಾಧೀಶರ, ಸಾಕ್ಷಿಗಳ, ಜ್ಯೂರಿಗಳ ನಡುವೆ ಕೆಲಸ ಮಾಡಬೇಕೋ ಅವರ ಸಹವಾಸವನ್ನೇ ತಪ್ಪಿಸಿ ಕಲಿಸುವ ಕಾನೂನು ಪೊಳ್ಳು ಎಂಬ ಅರ್ಥದಲ್ಲಿ ಅದು ವಾದಿಸಿತು. ಮುಂದೆ ಡೈವರ್ಸಿಟಿ, ಅಂದರೆ ವೈವಿಧ್ಯ, ಎಂಬ ಹೆಸರಿನಲ್ಲಿ ಬಂದ ವಾದದ ಬೀಜ ಇಲ್ಲೇ ಇದೆ ಎನ್ನಬಹುದು. ಸ್ವೆಟ್ ಆ ಕಾಲೇಜನ್ನೇನೋ ಸೇರಿದರು, ಆದರೆ ವರ್ಷಗಟ್ಟಲೆ ನಡೆದ ಮೊಕದ್ದಮೆ ಅವರ ಆರೋಗ್ಯವನ್ನೂ ಸಂಸಾರವನ್ನೂ ಅಷ್ಟರಲ್ಲಿ ಹಣ್ಣುಮಾಡಿತ್ತು. ಪದವಿ ಪಡೆಯದೆಯೇ ಹೊರಬಂದರು. ಆಸ್ಟಿನ್ ನಗರದ ಹಳೆಯ ಕೋರ್ಟ್ ಕಟ್ಟಡಕ್ಕೆ ಈಗ ಅವರ ಹೆಸರಿದೆ.

ಈ ಸಾಲಿನಲ್ಲಿ ನಿಲ್ಲಬೇಕಾದ, ಆದರೆ ಬಹಳ ಕಾಲ ಮರೆತುಹೋಗಿದ್ದ ಹೆಸರು ಪಾಲಿ ಮರ್ರೆ ಅವರದು. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ 1938ರಲ್ಲಿ ಅವರನ್ನು ಬಣ್ಣದ ಕಾರಣಕ್ಕೆ ನಿರಾಕರಿಸಿತು. ಹೋವರ್ಡಿನ ಕಾನೂನು ತರಗತಿಯಲ್ಲಿದ್ದ ಏಕೈಕ ಹೆಣ್ಣಾಗಿ, 1944ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದ ಅವರನ್ನು ಉನ್ನತ ವ್ಯಾಸಂಗಕ್ಕೆ ಹಾರ್ವರ್ಡ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿತು. ಆಗ ಅವರು ಬರೆದ ಪತ್ರದ ಧಾಟಿ ಹೀಗಿತ್ತು: ಲಿಂಗ ಬದಲಿಸಿಕೊಳ್ಳುವ ದಾರಿ ಇದ್ದಿದ್ದರೆ ಸಂತೋಷದಿಂದ ಬದಲಿಸಿಕೊಳ್ಳುತ್ತಿದ್ದೆ, ಆ ದಾರಿ ಕಾಣುತ್ತಿಲ್ಲವಾದ್ದರಿಂದ ತಾವೇ ಮನಸ್ಸು ಬದಲಿಸಬೇಕಾಗಿದೆ. ಗಾಂಧೀಜಿಯ ಸತ್ಯಾಗ್ರಹದ ಬಗ್ಗೆ ಓದಿಕೊಂಡಿದ್ದ ಅವರು, 1940ರಲ್ಲೇ ವರ್ಜೀನಿಯಾದ ಬಸ್ಸಿನಲ್ಲಿ ಹಿಂದಿನ ಒಡಕಲು ಸೀಟಿಗೆ ಹೋಗಲು ಒಪ್ಪದೆ ಬಂಧನಕ್ಕೊಳಗಾಗಿದ್ದರು. ವಿದ್ಯಾರ್ಥಿನಿಯಾಗಿದ್ದಾಗಲೇ ಅವರು, ಸಮಾನತೆಯ ಲೆಕ್ಕ ಕೇಳುವುದನ್ನು ಬಿಟ್ಟು ಪ್ಲೆಸ್ಸಿ ತೀರ್ಪನ್ನೇ ನೇರವಾಗಿ ಎದುರಿಸಬೇಕೆಂದು ವಾದಿಸಿದಾಗ ತರಗತಿ ನಕ್ಕಿತ್ತು. 25 ವರ್ಷಗಳೊಳಗೆ ಅದು ಬಿದ್ದುಹೋಗುತ್ತದೆಂದು ಅವರು ತಮ್ಮ ಪ್ರಾಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರೊಡನೆ 10 ಡಾಲರ್ ಪಂದ್ಯ ಕಟ್ಟಿದ್ದರು. ಶಾಲೆಗಳಲ್ಲಿನ ವರ್ಣಪ್ರತ್ಯೇಕತೆ ಕುರಿತ 1954ರ ಬ್ರೌನ್ ತೀರ್ಪಿನಲ್ಲಿ ಅದು ಬಿತ್ತು, ಮತ್ತು ಅದಕ್ಕಾಗಿ ಶ್ರಮಿಸಿದ ವಕೀಲರಲ್ಲಿ ಒಬ್ಬರಾಗಿದ್ದ ರಾಬಿನ್ಸನ್ ಈ ಶಿಷ್ಯೆಯ ಹಳೆಯ ಪ್ರಬಂಧವನ್ನು ಹುಡುಕಿ ತೆಗೆದು ಬಳಸಿಕೊಂಡಿದ್ದರು.

ಬಾಗಿಲು ತೆರೆದ ಮಾತ್ರಕ್ಕೆ ಜನ ಒಳಗೆ ಬರಲಿಲ್ಲ. 1960ರ ದಶಕದ ನಡುವಿನಲ್ಲೂ ಹೆಸರಾಂತ ಕಾನೂನು ಕಾಲೇಜುಗಳಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲೇ, ಹಿಂದುಳಿದ ಹಿನ್ನೆಲೆಯವರನ್ನು ಬೇಸಿಗೆ ತರಬೇತಿಯ ಮೂಲಕ ಕಾನೂನು ಓದಿಗೆ ಸಿದ್ಧಪಡಿಸುವ ಕ್ಲಿಯೋ ಎಂಬ ಸಂಸ್ಥೆ ಹುಟ್ಟಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಕಾನೂನು ವಿದ್ಯಾರ್ಥಿಗಳ ಸಂಘ ಸ್ಥಾಪನೆಯಾಗಿ ಮುಂದೆ ದೇಶದ ತುಂಬ ಹರಡಿತು. ಕಾಲೇಜುಗಳು ತಾವಾಗಿಯೇ ಕಪ್ಪು ವಿದ್ಯಾರ್ಥಿಗಳನ್ನು ಹುಡುಕಿ ಸೇರಿಸಿಕೊಳ್ಳುವ, ಅಫರ್ಮೇಟಿವ್ ಆ್ಯಕ್ಷನ್ ಎಂದು ಕರೆಯಲಾಗುವ ಕ್ರಮ ಬೇರೂರಿದ್ದು ಈ ಹೊತ್ತಿನಲ್ಲೇ. ವಕಾಲತ್ತು ಹೀಗೆ ಅರ್ಜಿದಾರರ ಕೈಯಿಂದ ಸಂಸ್ಥೆಗಳ ಕೈಗೆ ಹೋಯಿತು.

ಆದರೆ ಸಂಸ್ಥೆಗಳು ಯಾವ ಕಾರಣ ಕೊಟ್ಟು ವಾದಿಸಬಹುದು ಎಂಬುದನ್ನು 1978ರ ಬಕೀ ಪ್ರಕರಣ ಬಿಗಿಯಾಗಿ ಕಟ್ಟಿಹಾಕಿತು. ಅದು ಕ್ಯಾಲಿಫೋರ್ನಿಯಾದ ಒಂದು ವೈದ್ಯಕೀಯ ಕಾಲೇಜಿನಲ್ಲಿ 100 ಸೀಟುಗಳ ಪೈಕಿ 16ನ್ನು ಅಲ್ಪಸಂಖ್ಯಾತ ಗುಂಪುಗಳಿಗೆ ತೆಗೆದಿಟ್ಟ ಕ್ರಮಕ್ಕೆ ಸಂಬಂಧಿಸಿದ್ದು. ಇಂತಿಷ್ಟು ಎಂದು ಸೀಟು ಮೀಸಲಿಡುವುದು ಸಲ್ಲದು. ಗತಕಾಲದಲ್ಲಿ ಸಮಾಜ ಮಾಡಿದ ಅನ್ಯಾಯಕ್ಕೆ ಪರಿಹಾರ ಎಂಬ ಕಾರಣವೂ ಸಲ್ಲದು. ಆದರೆ ಬಗೆಬಗೆಯ ಹಿನ್ನೆಲೆಯವರು ಒಟ್ಟಿಗೆ ಕುಳಿತು ಕಲಿತರೆ ಎಲ್ಲರ ಕಲಿಕೆಯೂ ಹಿಗ್ಗುತ್ತದೆಂಬ ಕಾರಣಕ್ಕೆ ಬಣ್ಣವನ್ನು ಹಲವು ಅಂಶಗಳಲ್ಲಿ ಒಂದಾಗಿ ಗಮನಿಸಬಹುದು ಎಂದರು ನ್ಯಾಯಮೂರ್ತಿ ಲೂಯಿಸ್ ಪೊವೆಲ್. ಕನ್ನಡ ಓದುಗರು ಮೀಸಲಾತಿಯ ಕನ್ನಡಕದಲ್ಲೇ ಅಮೆರಿಕವನ್ನು ನೋಡಿದರೆ ದಾರಿ ತಪ್ಪುವುದು ಇಲ್ಲಿ. ಮೈಸೂರು ರಾಜ್ಯ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68ರಷ್ಟು ಸೀಟುಗಳನ್ನು ಮೀಸಲಿಟ್ಟಾಗ, ಬಾಲಾಜಿ ಪ್ರಕರಣವೆಂದು ಹೆಸರಾದ 1962ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎತ್ತಿದ ಮುಖ್ಯ ತಕರಾರುಗಳು ಆ ಪ್ರಮಾಣದ ಬಗ್ಗೆ, ಹಿಂದುಳಿದಿರುವಿಕೆಯನ್ನು ಅಳೆದ ಬಗೆಯ ಬಗ್ಗೆ. ಹಿಂದುಳಿದವರಿಗಾಗಿ ಸೀಟು ತೆಗೆದಿಡುವ ಅಧಿಕಾರ ಸಂವಿಧಾನದಲ್ಲೇ ಇತ್ತು. ಅಮೆರಿಕದಲ್ಲಿ ಆ ಅಧಿಕಾರವೇ ಇಲ್ಲವಾಯಿತು. ಡೊನಾಲ್ಡ್ ಮರ್ರೆಯ ಪರ ವಾದಿಸಿದ್ದ ಥರ್ಗುಡ್ ಮಾರ್ಷಲ್ ಆ ಹೊತ್ತಿಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ಗುಲಾಮಗಿರಿಯಿಂದ ಹಿಡಿದು ಆವರೆಗಿನ ಚರಿತ್ರೆಯನ್ನೆಲ್ಲ ಹರವಿಟ್ಟು, ಇದನ್ನು ಕಡೆಗಣಿಸಿ ಸಮಾನತೆಯ ಮಾತಾಡುವುದು ಹೇಗೆಂದು ಪ್ರತ್ಯೇಕ ಅಭಿಪ್ರಾಯ ಬರೆದರು. ಅದು ದಾಖಲೆಯಲ್ಲಿ ಉಳಿಯಿತು, ಕಾನೂನಾಗಲಿಲ್ಲ.

ಇದರ ಪರಿಣಾಮವನ್ನು ಸರಿಯಾಗಿ ಗ್ರಹಿಸಬೇಕು. ಅಂದಿನಿಂದ ಕಪ್ಪು ವಿದ್ಯಾರ್ಥಿಯ ಪ್ರವೇಶಕ್ಕೆ ಕಾನೂನು ಒಪ್ಪುವ ಸಮರ್ಥನೆ ಆಕೆಗೆ ಆದ ಅನ್ಯಾಯವಾಗಿರದೆ, ಆಕೆಯಿಂದ ಉಳಿದವರಿಗೆ ಆಗುವ ಲಾಭವಾಯಿತು. 2003ರ ಗ್ರಟರ್ ಪ್ರಕರಣದಲ್ಲಿ ಈ ತರ್ಕ ತನ್ನ ತುದಿಯನ್ನು ಮುಟ್ಟಿತು. ವರ್ಷಕ್ಕೆ ಸುಮಾರು 350 ಸೀಟುಗಳಿಗೆ 3,500ಕ್ಕೂ ಹೆಚ್ಚು ಅರ್ಜಿಗಳು ಬರುತ್ತಿದ್ದ ಮಿಷಿಗನ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು, ಅಲ್ಪಸಂಖ್ಯಾತ ವಿದ್ಯಾರ್ಥಿಗಳು ತಾವು ಒಂಟಿ ಎಂಬ ಭಾವನೆಯಿಲ್ಲದೆ, ತಮ್ಮ ಇಡೀ ಜನಾಂಗದ ವಕ್ತಾರರಂತೆ ಮಾತನಾಡಬೇಕಾದ ಒತ್ತಡವಿಲ್ಲದೆ ಇರಬಲ್ಲಷ್ಟು ಸಂಖ್ಯೆಯಲ್ಲಿರಬೇಕೆಂದು ವಾದಿಸಿತು. ನಾಯಕರನ್ನು ತಯಾರಿಸುವ ಸಂಸ್ಥೆಗಳ ಬಾಗಿಲು ಎಲ್ಲ ಜನಾಂಗಗಳಿಗೂ ತೆರೆದಿದೆಯೆಂದು ಜನರಿಗೆ ಕಾಣಬೇಕು ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್ 5-4ರ ಬಹುಮತದಲ್ಲಿ ಒಪ್ಪಿ, ಇನ್ನು 25 ವರ್ಷಗಳಲ್ಲಿ ಇದರ ಅಗತ್ಯ ಬೀಳದೆಂಬ ನಿರೀಕ್ಷೆಯನ್ನೂ ಸೇರಿಸಿದರು. ಈ ಪ್ರಕರಣದಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಸಂಗತಿಯಿದೆ: ವಿದ್ಯಾರ್ಥಿಗಳ ಒಂದು ಗುಂಪು ತಮ್ಮನ್ನೂ ಪ್ರತಿವಾದಿಗಳಾಗಿ ಸೇರಿಸಿಕೊಳ್ಳಬೇಕೆಂದು ಪಟ್ಟು ಹಿಡಿದು, ಮೊದಲು ನಿರಾಕರಣೆ ಕಂಡು, ಮೇಲಿನ ನ್ಯಾಯಾಲಯದಲ್ಲಿ ಗೆದ್ದು ಒಳಗೆ ಬಂದಿತ್ತು. ಅವರ ಕಾರಣ ಸರಳವಾಗಿತ್ತು. ಪ್ರವೇಶ ಪರೀಕ್ಷೆ ಪಕ್ಷಪಾತದಿಂದ ಕೂಡಿದೆ, ಪ್ರವೇಶದ ಪದ್ಧತಿಯಲ್ಲೇ ಹಳೆಯ ಅನ್ಯಾಯ ಅಡಗಿದೆ ಎಂದು ಯಾವ ವಿಶ್ವವಿದ್ಯಾಲಯವೂ ಕೋರ್ಟಿನಲ್ಲಿ ತನ್ನ ಮೇಲೆ ತಾನೇ ದೂರು ಹೇಳಿಕೊಳ್ಳುವುದಿಲ್ಲ. ಪರವಾಗಿ ನಿಂತ ವಕೀಲನೇ ತಪ್ಪಿತಸ್ಥನೂ ಆಗಿದ್ದರೆ ಕಕ್ಷಿದಾರ ತಾನೇ ಎದ್ದು ಮಾತನಾಡಬೇಕಾಗುತ್ತದೆ.

ಬಣ್ಣವನ್ನು ಗಮನಿಸಕೂಡದೆಂದರೆ ಏನಾಗುತ್ತದೆಂಬುದು ಆ ಮೊದಲೇ ಕಂಡಿತ್ತು. 1996ರ ಹಾಪ್‌ವುಡ್ ತೀರ್ಪು ಟೆಕ್ಸಾಸ್ ಕಾನೂನು ಕಾಲೇಜಿಗೆ ಅದನ್ನು ನಿಷೇಧಿಸಿದ ಮರುವರ್ಷ, ಸ್ವೆಟ್ ಹೋರಾಡಿ ಪ್ರವೇಶ ಪಡೆದಿದ್ದ ಅದೇ ಕಾಲೇಜಿಗೆ ಸೇರಿದ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ 31ರಿಂದ 4ಕ್ಕೆ ಇಳಿಯಿತು. ಕ್ಯಾಲಿಫೋರ್ನಿಯಾದಲ್ಲಿ ಅದೇ ಬಗೆಯ ನಿಷೇಧ ಬಂದಾಗ, ಬರ್ಕಲಿಯ ಕಾನೂನು ಕಾಲೇಜಿಗೆ 1997ರಲ್ಲಿ ಸೇರಿದ ಕಪ್ಪು ವಿದ್ಯಾರ್ಥಿ ಒಬ್ಬರೇ, ಅವರೂ ಹಿಂದಿನ ವರ್ಷ ಸೀಟು ಪಡೆದು ಮುಂದೂಡಿಕೊಂಡಿದ್ದವರು.

2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಬಣ್ಣವನ್ನು ಗಮನಿಸುವ ಕ್ರಮಕ್ಕೆ ದೇಶದುದ್ದಗಲಕ್ಕೂ ತೆರೆ ಎಳೆಯಿತು. ಏಷ್ಯನ್ ಮೂಲದ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆಯೆಂಬುದು ಹಾರ್ವರ್ಡ್ ವಿರುದ್ಧದ ಮುಖ್ಯ ದೂರಾಗಿದ್ದರಿಂದ, ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿದ ಕನ್ನಡ ಕುಟುಂಬಗಳ ಊಟದ ಮೇಜಿನ ಮೇಲೂ ಈ ಪ್ರಕರಣ ಚರ್ಚೆಯಾಗಿರಲು ಸಾಕು. ಬಹುಮತದ ಜೊತೆ ನಿಂತ ಕಪ್ಪು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ 1974ರಲ್ಲಿ ಯೇಲ್ ಕಾನೂನು ಕಾಲೇಜಿನಿಂದ ಪದವಿ ಪಡೆದವರು. ಬಣ್ಣದ ಕಾರಣಕ್ಕೆ ಸಿಕ್ಕ ಸೀಟೆಂದು ಜಗತ್ತು ತಮ್ಮ ಪದವಿಯನ್ನು ಕೀಳಾಗಿ ಕಂಡಿತೆಂದು ನೊಂದು, ಸಿಗಾರ್ ಪೊಟ್ಟಣದ ಮೇಲಿದ್ದ 15 ಸೆಂಟಿನ ಬೆಲೆಚೀಟಿಯನ್ನು ಕಿತ್ತು ಆ ಪದವಿಪತ್ರದ ಚೌಕಟ್ಟಿಗೆ ಅಂಟಿಸಿದ್ದಾಗಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕಪ್ಪು ಜನರಲ್ಲೇ ಈ ವಿಷಯದಲ್ಲಿ ಒಮ್ಮತವಿಲ್ಲ ಎಂಬುದಕ್ಕೆ ಆ ಚೀಟಿ ಸಾಕ್ಷಿ. ಅದೇ ಕೋರ್ಟಿನ ಇನ್ನೊಬ್ಬ ಕಪ್ಪು ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಬರೆದ ಕಟುವಾದ ಭಿನ್ನಮತ ಅದಕ್ಕೆ ಇನ್ನೊಂದು ಮುಖ.

ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಆ ತೀರ್ಪಿನ ಕೊನೆಯಲ್ಲಿ ಒಂದು ಕಿಂಡಿ ಬಿಟ್ಟರು. ತಾರತಮ್ಯದಿಂದಾಗಲಿ, ಸ್ಫೂರ್ತಿಯಿಂದಾಗಲಿ ಬಣ್ಣ ತಮ್ಮ ಬಾಳನ್ನು ಹೇಗೆ ರೂಪಿಸಿತೆಂದು ಅರ್ಜಿದಾರರು ಬರೆದರೆ ಕಾಲೇಜು ಅದನ್ನು ಓದಬಹುದು, ಆದರೆ ಅದು ಆ ವ್ಯಕ್ತಿಯ ಧೈರ್ಯಕ್ಕೋ ಛಲಕ್ಕೋ ಸಾಮರ್ಥ್ಯಕ್ಕೋ ಸಾಕ್ಷಿಯಾಗಿರಬೇಕು. ಬಣ್ಣದ ಲೆಕ್ಕವನ್ನೇ ಪ್ರಬಂಧದ ಹಿಂಬಾಗಿಲಿನಿಂದ ತರಕೂಡದು. ಈ ಕಿಂಡಿಯ ಅಳತೆಗೆ ತಕ್ಕಂತೆ ಕಾನೂನು ಕಾಲೇಜುಗಳು ತಮ್ಮ ನಮೂನೆಗಳನ್ನು ತಿದ್ದಿದವು. ಡೈವರ್ಸಿಟಿ ಸ್ಟೇಟ್‌ಮೆಂಟ್ ಎಂದು ಕೇಳುತ್ತಿದ್ದ ಐಚ್ಛಿಕ ಪ್ರಬಂಧಕ್ಕೆ ಹಲವೆಡೆ 'ಅನುಭವ', 'ದೃಷ್ಟಿಕೋನ' ಎಂಬಂಥ ಹೊಸ ಹೆಸರು ಬಂತು. ಮೊದಲು ಅರ್ಜಿಯ ಒಂದು ಚೌಕದಲ್ಲಿ ಗುರುತು ಹಾಕಿದರೆ ಮುಗಿಯುತ್ತಿದ್ದ ವಿಷಯವನ್ನು ಈಗ ಕಥನವಾಗಿ ನಿರೂಪಿಸಬೇಕು. ಇದರಿಂದ ಹುಟ್ಟುವ ಇಕ್ಕಟ್ಟು ಸೂಕ್ಷ್ಮವಾದದ್ದು. ನೋವನ್ನೇ ಹೆಚ್ಚು ಬರೆದರೆ ಅನುಕಂಪ ಬೇಡಿದಂತೆ, ಬರೆಯದೇ ಹೋದರೆ ತನ್ನ ಬಾಳಿನ ಒಂದು ದೊಡ್ಡ ಸಂಗತಿಯನ್ನು ಮುಚ್ಚಿಟ್ಟಂತೆ. ಸುಖವಾಗಿ ಬೆಳೆದ, ಹೇಳಿಕೊಳ್ಳುವಂಥ ಅವಮಾನ ಕಾಣದ ಕಪ್ಪು ವಿದ್ಯಾರ್ಥಿನಿಗೆ ಬರೆಯಲು ಏನಿದೆ ಎಂಬ ಪ್ರಶ್ನೆ ಬೇರೆ. ಬಿಳಿಯ ಅರ್ಜಿದಾರರು ಅದೇ ಎರಡು ಪುಟಗಳಲ್ಲಿ ಚದುರಂಗದ ಹುಚ್ಚಿನ ಬಗ್ಗೆಯೋ ಅಜ್ಜಿಯ ತೋಟದ ಬಗ್ಗೆಯೋ ನಿರಾಳವಾಗಿ ಬರೆಯಬಹುದು.

ಪ್ರಬಂಧದ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆದರೂ ಮೊದಲ ಜರಡಿ ಅಂಕಗಳದೇ. 120ರಿಂದ 180ರವರೆಗಿನ ಮಾಪಕದ ಎಲ್‌ಸ್ಯಾಟ್‌ನಲ್ಲಿ ಕಪ್ಪು ಮತ್ತು ಬಿಳಿಯ ಅಭ್ಯರ್ಥಿಗಳ ಸರಾಸರಿಗಳ ನಡುವೆ ದಶಕಗಳಿಂದ ಸುಮಾರು 10 ಅಂಕಗಳ ಅಂತರವಿದೆ. ಶಾಲೆಗಳ ಗುಣಮಟ್ಟ, ಕುಟುಂಬದ ಸಂಪತ್ತು, ದುಬಾರಿ ಕೋಚಿಂಗ್ ಇವೆಲ್ಲ ಅದರ ಹಿಂದಿನ ಕಾರಣಗಳು. ಕಾಲೇಜುಗಳ ರ್‍ಯಾಂಕ್ ಪಟ್ಟಿಗಳಲ್ಲಿ ಸೇರಿದವರ ಅಂಕಗಳ ನಡುಬಿಂದು, ಅಂದರೆ ಅರ್ಧ ಜನ ಯಾವುದಕ್ಕಿಂತ ಮೇಲೆ ಅರ್ಧ ಜನ ಯಾವುದಕ್ಕಿಂತ ಕೆಳಗೆ ಇರುತ್ತಾರೋ ಆ ಅಂಕ, ಗಣನೆಗೆ ಬರುವುದರಿಂದ, ಆ ಬಿಂದುವಿಗಿಂತ ಎರಡಂಕ ಕೆಳಗಿರುವ ಅರ್ಜಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಪ್ರವೇಶ ಸಮಿತಿಗೆ ಅಷ್ಟರ ಮಟ್ಟಿಗೆ ದುಬಾರಿಯಾಗಿ ಕಾಣುತ್ತದೆ.

ಹೀಗಾಗಿ ತನ್ನ ಪರ ತಾನೇ ವಾದಿಸುವುದು ಎಂಬುದು ಪ್ರಬಂಧಕ್ಕೆ ಸೀಮಿತವಾದ ಕೆಲಸವಲ್ಲ, ಅದರ ಹೆಚ್ಚು ಪಾಲು ನೀರಸವಾದ ಕಾಗದಪತ್ರದ ವ್ಯವಹಾರ. ಪರೀಕ್ಷೆಗೆ 200 ಡಾಲರಿಗೂ ಹೆಚ್ಚು, ಅಂಕಪಟ್ಟಿಗಳನ್ನು ಕ್ರೋಡೀಕರಿಸುವ ಸೇವೆಗೆ ಇನ್ನೊಂದು 200 ಡಾಲರಿಗೂ ಹೆಚ್ಚು, ಅದರ ಮೇಲೆ ಪ್ರತಿ ಕಾಲೇಜಿಗೂ ವರದಿ ಕಳಿಸುವ ಶುಲ್ಕ ಮತ್ತು ಆ ಕಾಲೇಜಿನ ಅರ್ಜಿ ಶುಲ್ಕ. ಆದಾಯ ಕಡಿಮೆ ಇರುವವರಿಗೆ ಇದರಲ್ಲಿ ಬಹುಪಾಲು ಮಾಫಿಯಾಗುತ್ತದೆ, ಆದರೆ ಕೇಳಿದರೆ ಮಾತ್ರ. ಒಂದು ಸೆಮಿಸ್ಟರಿನ ಅಂಕ ಕುಸಿದಿದ್ದರೆ ಅದಕ್ಕೆ ಕಾರಣ ಹೇಳುವ ಅಡೆಂಡಮ್ ಎಂಬ ಚಿಕ್ಕ ಅನುಬಂಧವನ್ನು ಲಗತ್ತಿಸಬಹುದು, ಗೊತ್ತಿದ್ದರೆ. ಕಾಯುವ ಪಟ್ಟಿಯಲ್ಲಿ ಹೆಸರು ಬಂದಾಗ ಸುಮ್ಮನೆ ಕಾಯುವವರಿಗಿಂತ, ತನ್ನ ಆಸಕ್ತಿ ಇನ್ನೂ ಇದೆಯೆಂದು ಪತ್ರ ಬರೆದು ಹೊಸ ಸಾಧನೆಗಳನ್ನು ತಿಳಿಸುವವರ ಕಡತ ಮೇಲಕ್ಕೆ ಬರುವ ಸಂಭವ ಹೆಚ್ಚು. ವಿದ್ಯಾರ್ಥಿವೇತನ ಕೂಡ ಚೌಕಾಸಿಯ ವಿಷಯ: ಒಂದು ಕಾಲೇಜು ಕೊಟ್ಟ ಮೊತ್ತವನ್ನು ಇನ್ನೊಂದು ಕಾಲೇಜಿಗೆ ತೋರಿಸಿ ಹೆಚ್ಚು ಕೇಳುವುದು ಅಲ್ಲಿ ಅಸಭ್ಯವಲ್ಲ, ರೂಢಿ. ಕೆಲವು ಕಾಲೇಜುಗಳ ವಿದ್ಯಾರ್ಥಿವೇತನಕ್ಕೆ ಇಂತಿಷ್ಟು ಅಂಕ ಉಳಿಸಿಕೊಳ್ಳಬೇಕೆಂಬ ಷರತ್ತಿರುತ್ತದೆ. ಕಾನೂನು ತರಗತಿಯಲ್ಲಿ ಒಬ್ಬರ ಅಂಕ ಉಳಿದವರ ಅಂಕಗಳಿಗೆ ಹೋಲಿಸಿಯೇ ನಿರ್ಧಾರವಾಗುವುದರಿಂದ, ಷರತ್ತಿಗೆ ಒಳಪಟ್ಟವರಲ್ಲಿ ಕೆಲವರಾದರೂ ಅದನ್ನು ಕಳೆದುಕೊಳ್ಳುವುದು ಲೆಕ್ಕದಲ್ಲೇ ಇರುತ್ತದೆ. ವಕೀಲರ ಮನೆಯಲ್ಲಿ ಬೆಳೆದ ಹುಡುಗನಿಗೆ ಇವೆಲ್ಲ ಊಟದ ಹೊತ್ತಿನ ಮಾತಿನಲ್ಲೇ ತಿಳಿದಿರುತ್ತವೆ. ಮನೆಯಲ್ಲಿ ಮೊದಲ ಪದವೀಧರಳಾದ ಹುಡುಗಿಗೆ ಕೇಳಬಹುದು ಎಂಬುದೇ ಗೊತ್ತಿರುವುದಿಲ್ಲ. ಕಪ್ಪು ಕಾನೂನು ವಿದ್ಯಾರ್ಥಿಗಳ ಸಂಘದ ಶಾಖೆಗಳು ಇಂಥವರ ಕರಡುಗಳನ್ನು ಓದಿ ತಿದ್ದುವ, ಶುಲ್ಕ ಮಾಫಿಯ ದಾರಿ ತೋರಿಸುವ ಕೆಲಸವನ್ನು ಮಾಡುತ್ತಾ ಬಂದಿರುವುದು ಅದಕ್ಕಾಗಿಯೇ.

2023ರ ತೀರ್ಪಿನ ನಂತರ ದೇಶದ ಒಟ್ಟು ಲೆಕ್ಕದಲ್ಲಿ ಕಪ್ಪು ಕಾನೂನು ವಿದ್ಯಾರ್ಥಿಗಳ ಸಂಖ್ಯೆ ಹಲವರು ಹೆದರಿದಂತೆ ಕುಸಿಯಲಿಲ್ಲ. ಆ ಲೆಕ್ಕದಲ್ಲಿ ಹೋವರ್ಡ್, ಟೆಕ್ಸಾಸ್ ಸದರ್ನ್, ಸದರ್ನ್, ಫ್ಲೋರಿಡಾ ಎ ಆ್ಯಂಡ್ ಎಂ ಮುಂತಾದ, ಪ್ರತ್ಯೇಕತೆಯ ಕಾಲದಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಬೆಳೆದು ನಿಂತ ಸಂಸ್ಥೆಗಳ ಕಾಲೇಜುಗಳೂ ಇವೆ. ಕುಸಿತ ಕಂಡದ್ದು ತುದಿಯಲ್ಲಿ. ಹಾರ್ವರ್ಡ್ ಕಾನೂನು ಕಾಲೇಜಿನ ಮೊದಲ ವರ್ಷಕ್ಕೆ 2023ರಲ್ಲಿ 43 ಕಪ್ಪು ವಿದ್ಯಾರ್ಥಿಗಳು ಸೇರಿದ್ದರೆ, 2024ರಲ್ಲಿ ಸೇರಿದವರು 19. ಒಂದು ವರ್ಷದ ಅಂಕಿಯಿಂದ ಒಂದು ಯುಗವನ್ನು ಅಳೆಯುವುದು ತಪ್ಪು. ಆದರೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಲ್ಲಿ ಬಹುಪಾಲು ಜನ ಹಾರ್ವರ್ಡ್ ಮತ್ತು ಯೇಲ್‌ಗಳಿಂದಲೇ ಬಂದಿರುವ ದೇಶದಲ್ಲಿ ತುದಿಯ ಕುಸಿತಕ್ಕೆ ತನ್ನದೇ ತೂಕವಿದೆ.

ರಾಬರ್ಟ್ಸ್ ಬಿಟ್ಟ ಕಿಂಡಿಯೂ ಈಗ ಕಿರಿದಾಗುತ್ತಿದೆ. ಕಾನೂನು ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಂಡಳಿ, ವೈವಿಧ್ಯಕ್ಕೆ ಬದ್ಧರಾಗಿರುವುದನ್ನು ಕಾಲೇಜುಗಳು ಕೃತಿಯಲ್ಲಿ ತೋರಿಸಬೇಕೆಂಬ ತನ್ನ ನಿಯಮವನ್ನು 2025ರ ಫೆಬ್ರವರಿಯಲ್ಲಿ ಅಮಾನತಿನಲ್ಲಿಟ್ಟಿತು. ಅದೇ ವರ್ಷ ಜುಲೈನಲ್ಲಿ ಫೆಡರಲ್ ನ್ಯಾಯ ಇಲಾಖೆ ಹೊರಡಿಸಿದ ಮಾರ್ಗಸೂಚಿ, ಎಡರುತೊಡರುಗಳನ್ನು ದಾಟಿಬಂದ ಕಥೆ ಬರೆಯಿರಿ ಎಂದು ಅರ್ಜಿದಾರರನ್ನು ಕೇಳುವುದು ಕೂಡ ಬಣ್ಣವನ್ನು ಬೇರೆ ಹೆಸರಿನಲ್ಲಿ ಪರಿಗಣಿಸುವ ಉಪಾಯವಾಗಬಹುದೆಂದು ಎಚ್ಚರಿಸಿತು. ರಾಬರ್ಟ್ಸ್ ಅವರ ತೀರ್ಪು ಬರೆಯಬಹುದೆಂದು ಹೇಳಿದ್ದನ್ನು ಕೇಳಲು ಕಾಲೇಜುಗಳು ಈಗ ಹಿಂದೆಮುಂದೆ ನೋಡುವಂತಾಗಿದೆ. ಯಾರೂ ಕೇಳದಿದ್ದರೂ ಹೇಳುವ ಹೊಣೆ ಮಾತ್ರ ಅರ್ಜಿದಾರರ ಮೇಲೇ ಉಳಿದಿದೆ. ಓ'ಕಾನರ್ ನಿರೀಕ್ಷಿಸಿದ್ದ 25 ವರ್ಷಗಳು 2028ಕ್ಕೆ ತುಂಬುತ್ತವೆ. ಆ ವರ್ಷ ಪದವಿ ಪಡೆಯಬೇಕಾದ ತಂಡ 2025ರ ಆಗಸ್ಟಿನ ಹೊತ್ತಿಗೆ ತರಗತಿಗಳಲ್ಲಿ ಬಂದು ಕುಳಿತಿತು. ಅದರಲ್ಲಿರುವ ಕಪ್ಪು ವಿದ್ಯಾರ್ಥಿಗಳಲ್ಲಿ ಬಹುತೇಕ ಎಲ್ಲರೂ ತಮ್ಮ ಎರಡು ಪುಟಗಳನ್ನು ಬರೆದದ್ದು 2023ರ ತೀರ್ಪಿನ ನಂತರ.